ಕಂಡದ್ದನ್ನೇ ಬರೆದಾಕೆ

ಮೊನ್ನೆ ಸಂಜೆ ಅವರೆಕಾಯಿ ಸುಲಿಯುತ್ತಾ ಕೂತಿದ್ದೆ. ಎದುರಿಗೆ ಮಗಳು ಕಾಲೇಜಿನ ರೆಕಾರ್ಡ್ ಪುಸ್ತಕದಲ್ಲಿ ಜಿರಳೆಯ ಚಿತ್ರ ಬರೆಯುತ್ತಿದ್ದಳು. "ನೀನು ನೋಡಿದ ಜಿರಳೆಗೆ ಒಂದು ಮೀಸೆ ಮೋಟು ಅಂದಿದ್ದೆಯಲ್ಲೇ?" ಎಂದೆ. "ಬಿಡಮ್ಮಾ, ಪುಸ್ತಕದಲ್ಲಿದ್ದ ಹಾಗೆ ಬರೆದರೇನೇ ಮಾರ್ಕ್ಸು" ಅಂದಳು! ಆಗ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಸೋದರಿಯರೇ.

ಸ್ವಿಟ್ಜರ್ಲೆಂಡಿನ ಜ್ಯೂರಿಚ್‌ನಲ್ಲಿ 1944ರಲ್ಲಿ ಹುಟ್ಟಿದ ಕಾರ್ನೇಲಿಯಾ ಹೆಸ್ಸೆ-ಹೊನೆಗರ್ ಅಲ್ಲಿನ ವಿಶ್ವವಿದ್ಯಾನಿಲಯದಲ್ಲಿ 25 ವರ್ಷ ವಿಜ್ಞಾನಿಗಳಿಗೆ ಚಿತ್ರ ಬರೆದುಕೊಟ್ಟವರು. ಕಳಿತ ಬಾಳೆಹಣ್ಣಿಗೆ ಮುತ್ತುತ್ತವಲ್ಲ, ಆ ಪುಟಾಣಿ ನೊಣಗಳಿಗೆ ಪ್ರಯೋಗಶಾಲೆಯಲ್ಲಿ ರಾಸಾಯನಿಕ ಬೆರೆಸಿದ ಆಹಾರ ಕೊಡುತ್ತಿದ್ದರು. ಅವುಗಳ ಸಂತತಿ ಅಂಗವಿಕಲವಾಗಿ ಹುಟ್ಟುತ್ತಿತ್ತು. 1967ರಲ್ಲಿ ಈಕೆ ಅವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಇದ್ದದ್ದು ಇದ್ದ ಹಾಗೆ ಬರೆದರು. ನಾವು ಅಕ್ಕಿಯಲ್ಲಿ ಕಲ್ಲು ಹುಡುಕುತ್ತೇವಲ್ಲ, ಹಾಗೆ ಅವರ ಕಣ್ಣು ಪಳಗಿತು.

1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುಸ್ಥಾವರ ಸಿಡಿಯಿತು. ಅದರ ವಿಷ ಗಾಳಿಯಲ್ಲಿ ತೇಲಿ, ದೂರದ ಸ್ವೀಡನ್ ದೇಶದಲ್ಲಿ ಮಳೆಯೊಡನೆ ಇಳಿಯಿತು. 1987ರಲ್ಲಿ ಈಕೆ ಅಲ್ಲಿಗೆ ಹೋಗಿ ಗಿಡಗಳ ರಸ ಹೀರುವ ತಿಗಣೆಗಳನ್ನು ಹಿಡಿದರು. ತಿಗಣೆಯೇ ಯಾಕೆ ಅಂತೀರಾ? ಅದು ಹುಟ್ಟಿದ ಜಾಗ ಬಿಟ್ಟು ಬಹಳ ದೂರ ಹೋಗದು, ಆ ಮಣ್ಣಿನ ಗಿಡದ ರಸವನ್ನೇ ಕುಡಿಯುತ್ತದೆ. ನೋಡಿದರೆ, ಒಂದಕ್ಕೆ ರೆಕ್ಕೆ ಸೊಟ್ಟ, ಇನ್ನೊಂದಕ್ಕೆ ಮೀಸೆ ಮೋಟು! ಪ್ರಯೋಗಶಾಲೆಯ ನೊಣಗಳೇ ನೆನಪಾದವು. ಜಲವರ್ಣದಲ್ಲಿ ಬರೆದು 1988ರಲ್ಲಿ ಪತ್ರಿಕೆಯಲ್ಲಿ ಪ್ರಕಟಿಸಿದರು.

ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. ಅಷ್ಟು ಕಡಿಮೆ ವಿಕಿರಣಕ್ಕೆ ಹೀಗಾಗದು, ಬರೀ ಚಿತ್ರ ಪುರಾವೆಯಾಗದು ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ವಿಕಾರ ಕಂಡ ಮಾತ್ರಕ್ಕೆ ಕಾರಣ ಇದೇ ಎನ್ನಲಾಗದು. ಬೇರೆ ಊರುಗಳಲ್ಲಿ ಎಷ್ಟಿವೆ ಎಂದು ಲೆಕ್ಕ ಬೇಕು. ಆದರೆ ಈಕೆ ಮುನಿಸಿಕೊಂಡು ಕೂರಲಿಲ್ಲ, ಲೆಕ್ಕಕ್ಕೇ ಇಳಿದರು. ಸ್ವಿಟ್ಜರ್ಲೆಂಡಿನ ಅಣುಸ್ಥಾವರಗಳ ಸುತ್ತಮುತ್ತ, ಇಂಗ್ಲೆಂಡಿನ ಸೆಲಾಫೀಲ್ಡ್, 1990ರಲ್ಲಿ ಚೆರ್ನೋಬಿಲ್ ಪ್ರದೇಶಕ್ಕೇ ಹೋಗಿ ಹುಡುಕಿದರು. ವರ್ಷಗಟ್ಟಲೆ ನಡೆದ ಈ ಕೆಲಸದಲ್ಲಿ ಅವರು ಸಂಗ್ರಹಿಸಿದ್ದು 16,000ಕ್ಕೂ ಹೆಚ್ಚು ತಿಗಣೆಗಳು! ವಾದ ಮಾತ್ರ ಮುಗಿಯಲಿಲ್ಲ.

ಕಾರಣ ಏನೆಂದು ತೀರ್ಮಾನ ಮಾಡುವಷ್ಟು ಓದು ನನಗಿಲ್ಲ, ಸೋದರಿಯರೇ. ಆದರೆ ಕಂಡದ್ದನ್ನು ಕಂಡ ಹಾಗೆ ಗುರುತು ಹಾಕಿಡದಿದ್ದರೆ ಕಾರಣ ಹುಡುಕುವ ಮಾತೇ ಏಳುವುದಿಲ್ಲ. ಮಗುವಿನ ಜ್ವರ ಯಾವ ಹೊತ್ತಿಗೆ ಎಷ್ಟೇರಿತು ಎಂದು ನಾವು ಚೀಟಿಯಲ್ಲಿ ಬರೆದಿಡುವುದೂ ಇದಕ್ಕೇ ಅಲ್ಲವೇ?

ಮಗಳು ಮಾತಾಡಲಿಲ್ಲ. ರಬ್ಬರ್ ತಗೊಂಡು ಜಿರಳೆಯ ಒಂದು ಮೀಸೆಯನ್ನು ಅರ್ಧ ಅಳಿಸಿದಳು. ಮಾರ್ಕ್ಸ್ ಎಷ್ಟು ಬಂತು ಅಂತ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ!