ಫ್ಯಾನು ರೆಡಿ, ಲೈನ್ ಇಲ್ಲ

ಕೆನ್ಯಾ ದೇಶದ ಉತ್ತರಕ್ಕೆ ತುರ್ಕಾನಾ ಅನ್ನುವ ದೊಡ್ಡ ಸರೋವರ ಇದೆ. ಅದರ ಹತ್ತಿರದ ಬಯಲಲ್ಲಿ ಗಾಳಿ ಜೋರು. ಹೊರದೇಶದ ಹೂಡಿಕೆದಾರರು ಬಂದು, ಆಫ್ರಿಕಾ ಅಭಿವೃದ್ಧಿ ಬ್ಯಾಂಕಿನ ಸಾಲವೂ ಸೇರಿ, ಅಲ್ಲಿ 365 ಗಾಳಿಯಂತ್ರ ನಿಲ್ಲಿಸಿದರು. ಒಟ್ಟು 310 ಮೆಗಾವಾಟ್. 2017ಕ್ಕೆ ಎಲ್ಲ ರೆಡಿ. ಆದರೆ ಆ ಕರೆಂಟನ್ನು ಹೊತ್ತೊಯ್ಯಬೇಕಿದ್ದ 400 ಕಿ.ಮೀ.ಗೂ ಉದ್ದದ ಲೈನ್ ಮುಗಿದದ್ದು 2018ರ ಸೆಪ್ಟೆಂಬರಿನಲ್ಲಿ! ಗುತ್ತಿಗೆ ಹಿಡಿದಿದ್ದ ಸ್ಪೇನಿನ ಕಂಪನಿ ನಡುವೆ ದಿವಾಳಿ ಎದ್ದಿತ್ತು. ಲೈನ್ ಹಾಕಿಸುವ ಹೊಣೆ ಸರ್ಕಾರದ್ದು ಅಂತ ಕರಾರಿನಲ್ಲಿ ಇದ್ದುದರಿಂದ ದಂಡ ಬಿದ್ದದ್ದೂ ಸರ್ಕಾರದ ಮೇಲೆ. ಅಂದರೆ ಒಂದು ಬಲ್ಬೂ ಉರಿಯುವ ಮೊದಲೇ ಜನರ ಮೇಲೆ ಸಾಲ.

ಇನ್ನೊಂದು ವಿಷಯ. ಆ ಬಯಲು ದನ, ಒಂಟೆ ಮೇಯಿಸುವವರದು. ಅಲ್ಲಿನ 1.5 ಲಕ್ಷ ಎಕರೆ ಜಮೀನಿನ ಹಕ್ಕುಪತ್ರ ಕ್ರಮಬದ್ಧವಾಗಿಲ್ಲ ಅಂತ 2021ರಲ್ಲಿ ಮೇರು ಊರಿನ ಭೂ ನ್ಯಾಯಾಲಯ ತೀರ್ಪು ಕೊಟ್ಟಿತು. ಊರವರನ್ನು ಸರಿಯಾಗಿ ಕೇಳದೆ ಬರುವ ಬಂಡವಾಳ ಕೊನೆಗೆ ಕೋರ್ಟಿನ ಮೆಟ್ಟಿಲಲ್ಲೇ ಕೂರಬೇಕಾಗುತ್ತದೆ.

ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಸುಮಾರು 60 ಕೋಟಿ ಜನರಿಗೆ ಇವತ್ತೂ ಕರೆಂಟ್ ಇಲ್ಲ. 2030ರೊಳಗೆ 30 ಕೋಟಿ ಜನರಿಗೆ ಮುಟ್ಟಿಸುತ್ತೇವೆ ಅಂತ ವಿಶ್ವಬ್ಯಾಂಕು ಮತ್ತು ಆಫ್ರಿಕಾ ಅಭಿವೃದ್ಧಿ ಬ್ಯಾಂಕು ಹೊರಟಿವೆ. ಹೂಡಿಕೆದಾರರು ಬರಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಯಾವ ಕರಾರಿನ ಮೇಲೆ ಬರುತ್ತಾರೆ?

ಘಾನಾ ನೋಡಿ. ಅಲ್ಲಿ ಕರೆಂಟ್ ತೆಗೆಯುವುದಕ್ಕೆ 'ದುಮ್ಸೋರ್' ಅಂತಲೇ ಹೆಸರಿಟ್ಟಿದ್ದರು. ಆರಿತು–ಹತ್ತಿತು ಅಂತ ಅರ್ಥ. ಲೋಡ್ ಶೆಡ್ಡಿಂಗ್ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನ ಬೀದಿಗೆ ಬಂದಾಗ ಸರ್ಕಾರ ಗಾಬರಿಯಲ್ಲಿ ಖಾಸಗಿ ಕಂಪನಿಗಳ ಜೊತೆ ಒಪ್ಪಂದದ ಮೇಲೆ ಒಪ್ಪಂದ ಮಾಡಿಕೊಂಡಿತು. ಕರೆಂಟ್ ಬಳಸಲಿ, ಬಿಡಲಿ, ದುಡ್ಡು ಕೊಡಲೇಬೇಕು ಅನ್ನುವ ಒಪ್ಪಂದಗಳವು. 2019ರಲ್ಲಿ ಅಲ್ಲಿನ ಹಣಕಾಸು ಮಂತ್ರಿಯೇ ಸಂಸತ್ತಿನಲ್ಲಿ ಲೆಕ್ಕ ಬಿಚ್ಚಿಟ್ಟರು: ಇರುವ ಸಾಮರ್ಥ್ಯ 5,083 ಮೆಗಾವಾಟ್, ಅತಿ ಹೆಚ್ಚು ಬೇಡಿಕೆ ಸುಮಾರು 2,700. ಬೇಡದ ಸಾಮರ್ಥ್ಯಕ್ಕೆ ವರ್ಷಕ್ಕೆ 50 ಕೋಟಿ ಡಾಲರಿಗೂ ಹೆಚ್ಚು ಪಾವತಿ. ಜನ ಬಿಲ್ ಕಟ್ಟುವುದು ಸೆಡಿಯಲ್ಲಿ, ಕಂಪನಿ ಲೆಕ್ಕ ಡಾಲರಿನಲ್ಲಿ. ಸೆಡಿ ಬಿದ್ದಷ್ಟೂ ಬಾಕಿ ಏರುತ್ತದೆ.

ನಮ್ಮ ದೇಶದ ಹೆಸರೂ ಇದರಲ್ಲಿದೆ. 2024ರ ಅಕ್ಟೋಬರಿನಲ್ಲಿ ಕೆನ್ಯಾ ಹೈಟೆನ್ಷನ್ ಲೈನ್ ಹಾಕಿಸಲು ಅದಾನಿ ಕಂಪನಿ ಜೊತೆ 73.6 ಕೋಟಿ ಡಾಲರಿನ ಒಪ್ಪಂದ ಮಾಡಿತು. ನವೆಂಬರಿನಲ್ಲಿ ಅಮೆರಿಕದಲ್ಲಿ ಕಂಪನಿಯ ಮುಖ್ಯಸ್ಥರ ಮೇಲೆ ಲಂಚದ ಆರೋಪಪಟ್ಟಿ ಬಂದದ್ದೇ ಅಧ್ಯಕ್ಷ ರುಟೊ ಅದನ್ನು ರದ್ದು ಮಾಡಿದರು. ನಮ್ಮ ಟೀವಿಯವರಿಗೆ ಅದು ಷೇರು ಬೆಲೆಯ ಸುದ್ದಿ. ಕೆನ್ಯಾಕ್ಕೆ ಬೇಕಿದ್ದ ಲೈನ್ ಮಾತ್ರ ಹಾಗೇ ಉಳಿಯಿತು. ಮೊದಲೇ ಬಹಿರಂಗ ಟೆಂಡರ್ ಕರೆದು, ಕರಾರನ್ನು ಎಲ್ಲರೂ ಓದುವಂತೆ ಹಾಕಿದ್ದರೆ ಈ ಫಜೀತಿ ಇಷ್ಟು ದೂರ ಹೋಗುತ್ತಿರಲಿಲ್ಲ ಅಂತ ನನ್ನ ಅನಿಸಿಕೆ.

ಅದೇ ಕೆನ್ಯಾದಲ್ಲಿ ಎಂ-ಕೋಪಾ ಅನ್ನುವ ಕಂಪನಿ ಸಣ್ಣ ಸೋಲಾರ್ ಸೆಟ್ಟನ್ನು ಮನೆಗೆ ಕೊಟ್ಟು, ದಿನಕ್ಕೆ ಇಷ್ಟು ಅಂತ ಮೊಬೈಲಿನಲ್ಲೇ ಕಂತು ಕಟ್ಟಿಸಿಕೊಂಡಿತು. ಸೀಮೆಎಣ್ಣೆಗೆ ಹೋಗುತ್ತಿದ್ದ ದುಡ್ಡು ಕಂತಿಗೆ ಬಂತು. ಜಾಣ ಕೆಲಸವೇ. ಆದರೆ ಅದರಿಂದ ಬಲ್ಬು ಉರಿಯುತ್ತದೆ, ಫೋನ್ ಚಾರ್ಜ್ ಆಗುತ್ತದೆ, ಹಿಟ್ಟಿನ ಗಿರಣಿ ತಿರುಗುವುದಿಲ್ಲ. ಇತ್ತ ಕಂಬದಿಂದ ಕರೆಂಟ್ ಪಡೆದ ಬಡಮನೆಯೂ ಎರಡು ಬಲ್ಬು ಉರಿಸಿದರೆ, ತಂತಿ ಎಳೆದ ಖರ್ಚು ಕರೆಂಟ್ ಕಂಪನಿಗೆ ಯಾವ ಕಾಲಕ್ಕೂ ಹುಟ್ಟುವುದಿಲ್ಲ.

ಅದಕ್ಕೇ, ಎಷ್ಟು ಮೆಗಾವಾಟ್ ಅಂತ ಹೂಡಿಕೆದಾರರನ್ನು ಕೇಳುವ ಮೊದಲು ಸಬ್‌ಸ್ಟೇಷನ್ ಎಲ್ಲಿ, ಟಿಸಿ ಎಷ್ಟು, ಗಿರಣಿಗೆ ಮತ್ತು ಪಂಪಿಗೆ ತ್ರೀ ಫೇಸ್ ಕೊಡುತ್ತೀರಾ ಅಂತ ಅಲ್ಲಿನ ಸರ್ಕಾರಗಳು ಕೇಳಲಿ. ಸುಟ್ಟುಹೋದ ಟಿಸಿಯನ್ನು ಯಾರು, ಎಷ್ಟು ದಿನದಲ್ಲಿ ಬದಲಿಸುತ್ತಾರೆ ಅನ್ನುವುದನ್ನೂ ಕರಾರಿನಲ್ಲೇ ಬರೆಸಿಕೊಳ್ಳಲಿ.