ಹೊಲಿಗೆಯ ಲಕ್ಷಣೆ

ಇತ್ತೀಚೆಗೆ ತರುಣ ಮಿತ್ರರೊಬ್ಬರು ತಮ್ಮ ಅನುವಾದವೊಂದನ್ನು ನನ್ನ ಕೈಗಿತ್ತು ಅಭಿಪ್ರಾಯವನ್ನು ಕೇಳಿದರು. ಅದರಲ್ಲಿ “ವರ್ತಕರು ಒಪ್ಪಂದವನ್ನು ಹೊಲಿದರು” ಎಂದು ಒಂದೆಡೆ, “ನಿರಪರಾಧಿಯನ್ನು ಹೊಲಿದರು” ಎಂದು ಇನ್ನೊಂದೆಡೆ ಇದ್ದಿತು. ಮೂಲದಲ್ಲಿದ್ದುದು ‘ಸ್ಟಿಚ್ ಅಪ್’ ಎಂಬ ಆಂಗ್ಲ ಕ್ರಿಯಾಪದ. “ಹೀಗೆ ಬರೆದರೆ ಕನ್ನಡವು ಬೆಳೆಯುವುದು” ಎಂದು ಅವರ ಸಮಾಧಾನ. ಬೆಳೆಯುವುದಿಲ್ಲ, ಹರಿಯುವುದು ಎಂಬುದೇ ನನ್ನ ವಾದ.

ಮುಖ್ಯಾರ್ಥಕ್ಕೆ ಬಾಧೆ, ಅದರೊಡನೆ ಸಂಬಂಧ, ರೂಢಿ ಅಥವಾ ಪ್ರಯೋಜನ: ಈ ಮೂರೂ ಕೂಡಿದ ಹೊರತು ಲಕ್ಷಣೆಯಿಲ್ಲವೆಂದು ‘ಕಾವ್ಯಪ್ರಕಾಶ’ದಲ್ಲಿ ಮಮ್ಮಟನು ವಿಧಿಸಿರುವನು. ಒಪ್ಪಂದವನ್ನು ಮುಗಿಸುವುದಕ್ಕೂ ಸುಳ್ಳು ಆಪಾದನೆಯಲ್ಲಿ ಸಿಕ್ಕಿಸುವುದಕ್ಕೂ ಆ ಒಂದೇ ಪದವನ್ನಾಡುವುದು ಆಂಗ್ಲರ ರೂಢಿ. ರೂಢಿಯು ಜನರ ನಾಲಗೆಯಲ್ಲಿರುವುದು; ಅದನ್ನು ಗಂಟುಕಟ್ಟಿ ಕಡಲು ದಾಟಿಸಲಾಗದು.

ಭಾಷೆಗಳಲ್ಲಿ ಕೊಡುಕೊಳ್ಳುವಿಕೆ ಇಲ್ಲವೇ ಎಂದು ಕೇಳಬಹುದು. ಉಂಟು, ಆದರೆ ಒಡಹುಟ್ಟಿದ ಶಬ್ದಗಳೂ ಒಂದೇ ದಾರಿಯಲ್ಲಿ ನಡೆಯವು. ಹೊಲಿಯುವ ಅರ್ಥದ ಸಂಸ್ಕೃತದ ‘ಸಿವ್’ ಧಾತುವಿಗೂ ಆಂಗ್ಲದ ‘ಸೋ’ ಎಂಬುದಕ್ಕೂ ಮೂಲವೊಂದೇ. ‘ಸೋ ಅಪ್’ ಎಂದರೆ ಗೆಲುವನ್ನು ಖಚಿತಪಡಿಸಿಕೊಳ್ಳುವುದೆಂದು ಅವರು ರೂಢಿಸಿದರು. ನಮ್ಮ ಉಣಾದಿಕಾರರು ‘ಸಿವ್’ ಎಂಬುದರಿಂದಲೇ ‘ಸೂತ್ರ’ವನ್ನು ಸಾಧಿಸಿದರು; ದಾರವು ಶಾಸ್ತ್ರವಾಯಿತು!

ಕನ್ನಡವೇನು ಬಡವೆಯೇ? ಬಾಯಿ ಹೊಲಿದುಕೊಂಡು ಕುಳಿತವನನ್ನು ನಾವು ಬಲ್ಲೆವು. ತಪ್ಪಿಗೆ ತೇಪೆ ಹಚ್ಚುವವನನ್ನೂ ಕಥೆ ಹೆಣೆಯುವವನನ್ನೂ ಬಲ್ಲೆವು. ಒಪ್ಪಂದವನ್ನು ನಾವು ಕುದುರಿಸುವೆವು.

ಬಳ್ಳಾರಿಯು ಇಂದು ಜೀನ್ಸ್ ಉಡುಪಿಗೆ ಹೆಸರಾದ ಊರು. ಇಲ್ಲಿ ಈ ಧಾತುವಿನ ಮುಖ್ಯಾರ್ಥದಿಂದಲೇ ಎಷ್ಟೋ ಮನೆಗಳ ಒಲೆ ಉರಿಯುತ್ತಿರುವುದು. ನಮ್ಮ ಪಾರ್ವತಿನಗರದ ನೆರೆಮನೆಯಲ್ಲಿ ಹೊಲಿಗೆಯಂತ್ರದ ಮುಂದಿದ್ದ ತಾಯಿಗೆ ಮಿತ್ರರ ಮೊದಲನೆಯ ವಾಕ್ಯವನ್ನು ಓದಿ ಹೇಳಿದೆನು. ಆಕೆ ಚಕ್ರವನ್ನು ನಿಲ್ಲಿಸಿ, “ಅದಕ್ಕ ಅರಿವಿ ಎಷ್ಟು ಬೇಕ್ರೀ, ಮೇಷ್ಟ್ರೇ?” ಎಂದು ನಕ್ಕಳು.

ಮಮ್ಮಟನ ಮೊದಲನೆಯ ನಿಯಮವು ಆಕೆಗೆ ತತ್‌ಕ್ಷಣವೇ ತೋರಿತು: ಮುಖ್ಯಾರ್ಥಕ್ಕೆ ಬಾಧೆಯುಂಟು. ರೂಢಿಯಾಗಲಿ ಪ್ರಯೋಜನವಾಗಲಿ ಆಕೆಗೆ ಕಾಣಲಿಲ್ಲ; ಇಲ್ಲದುದು ಕಾಣುವುದು ಹೇಗೆ? ದಿನವೆಲ್ಲ ಹೊಲಿಯುವವಳಿಗೇ ತಿಳಿಯದಂತೆ ‘ಹೊಲಿ’ ಎಂಬ ಮಾತನ್ನು ಬಳಸುವ ಪಾಂಡಿತ್ಯವು ಯಾರ ಸಲುವಾಗಿ? ನಿಘಂಟನ್ನು ತೆರೆಯುವ ಮುನ್ನ ಅನುವಾದಕರು ಒಮ್ಮೆ ಆ ಯಂತ್ರದ ಬಳಿ ನಿಂತು ಕೇಳಲಿ. ಶಬ್ದದ ಮರ್ಯಾದೆಯನ್ನು ಕಾಯುವವರು ಅಲ್ಲಿರುವರು.