ಕೆಸರಿಗೆ ನಾಲ್ಕು, ಡಾಂಬರಿಗೆ ಎರಡು

ಕಬ್ಬು ತುಂಬಿದ ಎತ್ತಿನ ಗಾಡಿ ಗದ್ದೆಯ ಕೆಸರಿನಲ್ಲಿ ಹೂತುಕೊಂಡರೆ ಹಿಂದಿನವರು ಏನು ಮಾಡುತ್ತಿದ್ದರು? ಪಕ್ಕದ ಗದ್ದೆಯವರ ಒಂದು ಜೋಡಿ ಎತ್ತನ್ನು ಕೇಳಿ ತಂದು ಮುಂದೆ ಹೂಡುತ್ತಿದ್ದರು. ನಾಲ್ಕು ಎತ್ತು ಒಟ್ಟಿಗೆ ಎಳೆದಾಗ ಗಾಡಿ ಮೇಲೆ ಬರುತ್ತಿತ್ತು. ಗಟ್ಟಿ ದಾರಿ ಸಿಕ್ಕ ಕೂಡಲೇ ಮುಂದಿನ ಜೋಡಿಯನ್ನು ಬಿಚ್ಚಿ ಕಳಿಸುತ್ತಿದ್ದರು. ಜೀಪು, ಟ್ರ್ಯಾಕ್ಟರುಗಳ ‘ಫೋರ್ ವೀಲ್ ಡ್ರೈವ್’ ಎಂಬುದನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗೆ ಹೆಚ್ಚುಕಡಿಮೆ ಉತ್ತರ ಇದರಲ್ಲೇ ಇದೆ.

ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯ ಸುತ್ತಮುತ್ತ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಒಂದೇ ಗಾಡಿ ಒಂದೇ ದಿನ ನೀರುಂಡ ಭತ್ತದ ಗದ್ದೆ, ನಾಲೆ ಏರಿಯ ಮಣ್ಣು ದಾರಿ, ಬಿಸಿಲಿಗೆ ಕಾದ ಡಾಂಬರು ರಸ್ತೆ ಮೂರನ್ನೂ ಕಾಣಬೇಕಾಗುತ್ತದೆ. ಈ ಮೂರಕ್ಕೂ ಒಂದೇ ನಿಯಮ ನಡೆಯುವುದಿಲ್ಲ.

ಸಾಮಾನ್ಯ ಕಾರಿಗೆ ನಾಲ್ಕು ಚಕ್ರವಿದ್ದರೂ ಎಂಜಿನ್ನಿನ ಬಲ ಎರಡಕ್ಕೆ ಮಾತ್ರ ಹೋಗುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ನಾಲ್ಕಕ್ಕೂ ಬಲ ಕೊಡುವ ವಾಹನಗಳು ಮೊದಲೂ ಇದ್ದವು. ಆದರೆ ಅವನ್ನು ಲೋಕಕ್ಕೆಲ್ಲ ಪರಿಚಯಿಸಿದ್ದು ಎರಡನೆಯ ಮಹಾಯುದ್ಧದ ಜೀಪು. 1947ರಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ಜೋಡಿಸತೊಡಗಿತು. ಇಂದಿನ ಥಾರ್ ಅದೇ ವಂಶದ್ದು.

ಇಂಥ ವಾಹನಗಳಲ್ಲಿ ಗೇರಿನ ಪಕ್ಕ ಇನ್ನೊಂದು ಸಣ್ಣ ಲಿವರ್ ಇರುತ್ತದೆ. ಅದರ ಮೇಲಿನ ‘2 ಎಚ್’ ಎಂದರೆ ಎರಡು ಚಕ್ರದ ಎಳೆತ. ‘4 ಎಚ್’ ಎಂದರೆ ನಾಲ್ಕರದು. ‘4 ಎಲ್’ ಎಂದರೆ ನಾಲ್ಕೂ ಚಕ್ರ ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ತಿರುಗುವುದು. ಹಾಗಾದರೆ ಸದಾ ನಾಲ್ಕರಲ್ಲೇ ಓಡಿಸಿದರೆ ಆಗದೆ? ಆಗದು. ಏಕೆಂದು ತಿಳಿಯಲು ಹೈಸ್ಕೂಲಿನ ಪೈಥಾಗೊರಸ್ ಸಾಕು.

ಗಾಡಿ ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಸುತ್ತುತ್ತವೆ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 2.4 ಮೀಟರು ಅಂತರ, ಹಿಂದಿನ ಅಚ್ಚಿನ ನಡುಭಾಗ 5 ಮೀಟರು ತ್ರಿಜ್ಯದಲ್ಲಿ ತಿರುಗುತ್ತಿದೆ ಎನ್ನಿ. ಮುಂದಿನದರ ತ್ರಿಜ್ಯ ಸುಮಾರು 5.55 ಮೀಟರು. ಕಾಲು ಸುತ್ತು ತಿರುಗುವಷ್ಟರಲ್ಲಿ ಮುಂದಿನ ಚಕ್ರಗಳು ಸುಮಾರು 86 ಸೆಂಟಿಮೀಟರು ಹೆಚ್ಚು ಓಡಬೇಕು. ಆದರೆ ‘4 ಎಚ್’ ಹಾಕಿದಾಗ ಎರಡು ಅಚ್ಚುಗಳೂ ಒಂದೇ ವೇಗಕ್ಕೆ ಕಟ್ಟುಬಿದ್ದಿರುತ್ತವೆ. ಕೆಸರಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದು. ಆಗ ಸ್ಟಿಯರಿಂಗ್ ಬಿಗಿಯುತ್ತದೆ, ಟೈರು ಸವೆಯುತ್ತದೆ, ಲಿವರ್ ಕಚ್ಚಿಕೊಳ್ಳುತ್ತದೆ. ಒಳಗಿನ ಹಲ್ಲುಚಕ್ರಗಳೂ ಮುರಿದಾವು. ಕೆಲವು ಹೊಸ ಕಾರುಗಳಲ್ಲಿ ಈ ವ್ಯತ್ಯಾಸವನ್ನು ಯಂತ್ರವೇ ಸರಿದೂಗಿಸುತ್ತದೆ. ಯಾವ ಬಗೆಯದು ಎಂದು ವಾಹನದ ಜೊತೆ ಬಂದ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹಾಗಾದರೆ ನಾಲ್ಕು ಚಕ್ರದ ಎಳೆತ ಬೇಕಾಗುವುದು ಎಲ್ಲಿ? ಕೆಸರು, ಮರಳು, ಒದ್ದೆ ಹುಲ್ಲು, ಸಡಿಲ ಜಲ್ಲಿಯ ಏರು, ಇವುಗಳಲ್ಲಿ. ನಾಗಮಂಗಲದ ಕಡೆಯ ಒಣ ಕೆಂಪು ಮಣ್ಣಿನ ದಾರಿ ಬೇಸಿಗೆಯಲ್ಲಿ ಎರಡೇ ಚಕ್ರದಲ್ಲಿ ಸಾಗುತ್ತದೆ, ಮಳೆ ಬಿದ್ದ ಮೇಲೆ ಅದೇ ದಾರಿಗೆ ನಾಲ್ಕು ಬೇಕಾದೀತು. ಹೂತುಕೊಂಡ ಮೇಲೆ ಹಾಕುವುದಲ್ಲ, ಕೆಸರಿಗೆ ಇಳಿಯುವ ಮೊದಲೇ ಹಾಕಬೇಕು. ಚಕ್ರ ಗಿರ್ರನೆ ತಿರುಗಿ ಗುಂಡಿ ತೋಡಿದ ಮೇಲೆ ನಾಲ್ಕೂ ಸೇರಿ ಗುಂಡಿಯನ್ನು ಇನ್ನಷ್ಟು ಆಳ ಮಾಡಿಯಾವು. ‘4 ಎಲ್’ ಇರುವುದು ಕಡಿದಾದ ಏರಿಗೆ, ಇಳಿಜಾರಿಗೆ, ಭಾರ ಎಳೆಯಲು. ಸಾಮಾನ್ಯವಾಗಿ ಗಾಡಿ ನಿಲ್ಲಿಸಿಯೇ ಅದನ್ನು ಹಾಕಬೇಕು.

ಇನ್ನು ಮುಖ್ಯ ಮಾತು. ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಒದ್ದೆ ರಸ್ತೆಯಲ್ಲಿ ಜೀಪಿನ ಟೈರಿಗೂ ಸಾದಾ ಕಾರಿನ ಟೈರಿಗೂ ನೆಲದ ಹಿಡಿತ ಅಷ್ಟೇ. ಬೇಗ ವೇಗ ಹಿಡಿದ ಗಾಡಿ ತಿರುವಿನಲ್ಲಿ ತನ್ನನ್ನು ಕಾಪಾಡುತ್ತದೆ ಎಂದು ನಂಬಿದವರು ಮೋಸ ಹೋಗುತ್ತಾರೆ. ನಮ್ಮ ಕಡೆ ಈ ಮೋಸಕ್ಕೆ ತೆರುವ ಬೆಲೆ ದೊಡ್ಡದು, ಏಕೆಂದರೆ ರಸ್ತೆಯ ಪಕ್ಕದಲ್ಲೇ ತುಂಬಿದ ನಾಲೆ ಇರುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತರು. ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ಅದು ಫೋರ್ ವೀಲ್ ಡ್ರೈವ್ ಮಾತಲ್ಲ. ಆದರೆ ನಾಲೆ ಏರಿಯ ಮೇಲೆ ಯಾವ ಗಾಡಿಗೂ ಎರಡನೆಯ ಅವಕಾಶ ಇರುವುದಿಲ್ಲ ಎಂಬುದನ್ನು ಅದು ಹೇಳುತ್ತದೆ. ಅಲ್ಲಿ ಕಾಯುವುದು ನಿಧಾನವೊಂದೇ.

ಟ್ರ್ಯಾಕ್ಟರಿನದು ಇನ್ನೊಂದು ಲೆಕ್ಕ. ಹಿಂದಿನ ಚಕ್ರ ಕೆಸರಿನಲ್ಲಿ ಕಚ್ಚಿಕೊಂಡು ತಿರುಗದೆ ನಿಂತಾಗ ಜೋರಾಗಿ ಕ್ಲಚ್ ಬಿಟ್ಟರೆ, ಚಕ್ರದ ಬದಲು ಟ್ರ್ಯಾಕ್ಟರಿನ ಮೈಯೇ ಅಚ್ಚಿನ ಸುತ್ತ ತಿರುಗಿ ಮೂತಿ ಮೇಲೇಳುತ್ತದೆ. ಚಾಲಕನ ಮೇಲೆ ಹಿಮ್ಮುಖ ಮಗುಚಲು ಒಂದೆರಡು ಸೆಕೆಂಡು ಸಾಕು. ಹೂತ ಟ್ರೇಲರನ್ನು ಎಳೆಯುವ ಸರಪಳಿಯನ್ನು ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿದರೂ ಇದೇ ಗತಿ. ಎಳೆಯುವ ಕೊಂಡಿ ತಗ್ಗಿನಲ್ಲಿರಲಿ. ತಾನೇ ಹೂತ ಟ್ರ್ಯಾಕ್ಟರನ್ನು ಮೊದಲು ಹಿಂದಕ್ಕೆ ತೆಗೆಯಲು ನೋಡಿ. ಆಗದಿದ್ದರೆ ಭಾರ ಇಳಿಸಿ. ಇಳಿಸಿದ ಕಬ್ಬನ್ನು ಮತ್ತೆ ತುಂಬಬಹುದು.

ತಂದೆತಾಯಿಗಳಿಗೆ ಎರಡು ಮಾತು. ಎತ್ತರದ ಮೈಕಟ್ಟು ಇರುವ ಕಾರೆಲ್ಲ ಫೋರ್ ವೀಲ್ ಡ್ರೈವ್ ಅಲ್ಲ. ಥಾರ್‌ನಲ್ಲೂ 2023ರಿಂದ ಎರಡು ಚಕ್ರದ ಮಾದರಿ ಉಂಟು. ಬಹುಪಾಲು ಡಾಂಬರಿನ ಮೇಲೇ ಓಡುವ ಮನೆಗೆ ಅದು ಸಾಕು. ಎರಡನೆಯದು, 18 ತುಂಬದ ಮಗನ ಕೈಗೆ ಕೀಲಿ ಕೊಡಬೇಡಿ. ಟ್ರ್ಯಾಕ್ಟರಿನದ್ದೂ ಬೇಡ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯಂತೆ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸಜೆ ಆಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ.

ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ ಬಿಡುತ್ತೇನೆ. ತಿರುವಿನಲ್ಲಿ ಎಡ ಮತ್ತು ಬಲ ಚಕ್ರಗಳ ದಾರಿಯೂ ಸಮವಲ್ಲ. ಅದಕ್ಕಾಗಿ ಕಾರಿಗೆ ‘ಡಿಫರೆನ್ಷಿಯಲ್’ ಎಂಬ ಹಲ್ಲುಚಕ್ರಗಳ ಪೆಟ್ಟಿಗೆ ಬೇಕಾಯಿತು. ಎತ್ತಿನ ಗಾಡಿಗೆ ಏಕೆ ಬೇಕಾಗಲಿಲ್ಲ? ಮನೆಯ ಹಿರಿಯರೊಡನೆ ಹಳೆಯ ಗಾಡಿಯೊಂದರ ಅಚ್ಚಿನ ಬಳಿ ಕುಳಿತು ನೋಡಿ. ಉತ್ತರ ಅಲ್ಲೇ ಸಿಗುತ್ತದೆ.